ಇಂಗ್ಲೆಂಡಿನ ಹೊಲಗಳಲ್ಲಿ ನಂಗೆ ಸಿಕ್ಕಿದ್ದು: ಮೆಟಲ್ ಡಿಟೆಕ್ಟಿಂಗ್ ಅನುಭವ

ಮೆಟಲ್ ಡಿಟೆಕ್ಟಿಂಗ್, ಅಂದ್ರೆ ಮಷಿನ್ ಹಿಡಿದು ನೆಲದೊಳಗಿನ ಲೋಹದ ವಸ್ತು ಹುಡುಕೋ ಹಾಬಿ, ಮಾಡ್ತೀನಿ ಅಂತ ಗೊತ್ತಾದ ತಕ್ಷಣ ಎಲ್ರೂ ಕೇಳೋದು ಒಂದೇ, ಎಷ್ಟು ಚಿನ್ನ ಸಿಕ್ತು ಮಾರಾಯ ಅಂತ. ಚಿನ್ನದ ಕಥೆ ಆಮೇಲೆ ಹೇಳ್ತೀನಿ, ಅದು ನಂದಲ್ಲ. ನಂಗೆ ಜಾಸ್ತಿ ಸಿಗೋದು ಕೋಕ್ ಕ್ಯಾನಿನ ರಿಂಗು, ಬಂದೂಕಿನ ಖಾಲಿ ಕಾರ್ಟ್ರಿಜ್ಜು, ಕುದುರೆ ಲಾಳ, ಹಳೇ ಕೋಟಿನ ಗುಂಡಿ, ಸೀಸದ ಮುದ್ದೆ. ಇಷ್ಟೂ ಕಸ ಅಗೆದು ಚೀಲಕ್ಕೆ ತುಂಬಿದ ಮೇಲೆ ಯಾವತ್ತೋ ಒಂದಿನ ಒಳ್ಳೇದು ಏನಾದ್ರೂ ಮೇಲೆ ಬರುತ್ತೆ.

ನಾನಿರೋದು ಬರ್ಕ್‌ಷೈರ್ ಕೌಂಟಿಯ ರೆಡಿಂಗ್‌ನಲ್ಲಿ, ಹೊಟ್ಟೆಪಾಡು ಸಾಫ್ಟ್‌ವೇರು. ಹುಡುಕೋ ಹೊಲಗಳು ಪಶ್ಚಿಮಕ್ಕೆ ಲ್ಯಾಂಬೋರ್ನ್ ಕಡೆ, ರೇಸ್ ಕುದುರೆಗಳ ಊರು ಅದು. ಅಲ್ಲಿ ನೆಲ ಎಲ್ಲಾ ಸುಣ್ಣದ ಕಲ್ಲು, ಹಾಗಾಗಿ ಮಷಿನ್ ಶಾಂತವಾಗಿರುತ್ತೆ. ನಮ್ಮ ಕಡೆ ಕೆಂಪು ಮಣ್ಣಲ್ಲಿ ಇದೇ ಮಷಿನ್ ಹಿಡಿದ್ರೆ ಕಬ್ಬಿಣದ ಅಂಶಕ್ಕೇ ಕಿರುಚಾಡುತ್ತೆ. ಮಷಿನ್ ಕೆಲಸ ಮಾಡೋದು ಇಷ್ಟೇ, ಕೋಲಿನ ತುದೀಲಿರೋ ತಟ್ಟೆ ಥರದ ಕಾಯಿಲ್ ಒಂದು ಮ್ಯಾಗ್ನೆಟಿಕ್ ಫೀಲ್ಡ್ ಬಿಡುತ್ತೆ, ನೆಲದೊಳಗಿನ ಲೋಹದಲ್ಲಿ ಅದರಿಂದ ಸಣ್ಣ ಕರೆಂಟ್ ಸುತ್ತುತ್ತೆ, ಆ ಕರೆಂಟು ವಾಪಸ್ ಕಳಿಸೋ ಸಿಗ್ನಲ್ ಎಷ್ಟು ತಡವಾಗಿ ಬಂತು ಅನ್ನೋದನ್ನ ನೋಡಿ ಸ್ಕ್ರೀನಲ್ಲಿ ನಂಬರ್ ತೋರಿಸುತ್ತೆ. ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಮೈನ್‌ಲ್ಯಾಬ್ ಈಕ್ವಿನಾಕ್ಸ್, ಅದ್ರಲ್ಲಿ ಕಬ್ಬಿಣಕ್ಕೆ ಮೈನಸ್ ನಂಬರು, ದಪ್ಪ ಬೆಳ್ಳಿ ತಾಮ್ರಕ್ಕೆಲ್ಲಾ ದೊಡ್ಡ ನಂಬರು. ಈ ನಂಬರನ್ನೇ ನಂಬ್ಕೊಂಡು ಕೂತ್ರೆ ಒಳ್ಳೇ ಮಾಲೆಲ್ಲಾ ನೆಲದಲ್ಲೇ ಉಳಿಯುತ್ತೆ, ಯಾಕೆ ಅಂತ ಮುಂದೆ ಹೇಳ್ತೀನಿ.

ಮಷಿನ್‌ಗಿಂತ ಕಷ್ಟ ಪರ್ಮಿಷನ್. ಇಲ್ಲಿ ಪ್ರತಿ ತುಂಡು ಜಾಗಕ್ಕೂ ಒಬ್ಬ ಓನರ್ ಇದ್ದೇ ಇರ್ತಾನೆ, ಹೊಲದ ನಡುವೆ ಕಾಲುದಾರಿ ಇದ್ರೆ ನಡೀಬಹುದು, ಅಗಿಯೋ ಹಾಗಿಲ್ಲ. ಶೆಡ್ಯೂಲ್ಡ್ ಮಾನ್ಯುಮೆಂಟ್, ಅಂದ್ರೆ ಸಂರಕ್ಷಿತ ಸ್ಮಾರಕ ಅಂತ ಗುರುತು ಮಾಡಿರೋ ಜಾಗದಲ್ಲಿ ಅಗಿಯೋದಿರ್ಲಿ, ಅನುಮತಿ ಇಲ್ದೆ ಡಿಟೆಕ್ಟರ್ ಬಳಸಿದ್ರೇನೇ 1979ರ ಕಾಯ್ದೆ ಪ್ರಕಾರ ಅಪರಾಧ. ನಾನು ಮೊದಲು ಡಿಟೆಕ್ಟಿಂಗ್ ಮಾಡೋರ ಸಂಘ ಎನ್‌ಸಿಎಂಡಿಗೆ ಮೆಂಬರ್ ಆದೆ, ಅದರ ಜೊತೆ ಇನ್ಶೂರೆನ್ಸ್ ಬರುತ್ತೆ, ಆಮೇಲೆ ಕಾರ್ಡ್ ಹಿಡ್ಕೊಂಡು ಮನೆಮನೆ ಬಾಗಿಲು ತಟ್ಟಿದೆ. ಒಬ್ಬ ಅಜ್ಜ ನಾನು ಬ್ರಾಡ್‌ಬ್ಯಾಂಡ್ ಮಾರಕ್ಕೆ ಬಂದಿದೀನಿ ಅಂತ ಬಾಗಿಲು ಹಾಕ್ಕೊಂಡ. ಕೊನೆಗೆ ಒಪ್ಪಿದ ರೈತ ಕೇಳಿದ್ದು ಮೂರೇ ಮಾತು, ಗೇಟ್ ಹಾಕ್ತೀಯಾ, ಗುಂಡಿ ಮುಚ್ತೀಯಾ, ಏನಾದ್ರೂ ಸಿಕ್ರೆ ತೋರಿಸ್ತೀಯಾ. ಸಿಕ್ಕಿದ್ರಲ್ಲಿ ಅರ್ಧ ಅರ್ಧ ಅಂತ ಒಂದು ಹಾಳೇಲಿ ಬರೆದು ಇಬ್ರೂ ಸೈನ್ ಹಾಕಿದ್ವಿ. ಎಷ್ಟೇ ಫ್ರೆಂಡ್ಸ್ ಆದ್ರೂ ಇದನ್ನ ಬರೆದಿಡಿ.

ಹುಡುಕಕ್ಕೆ ಒಳ್ಳೇ ಟೈಮ್ ಅಂದ್ರೆ ಆಗಸ್ಟ್ ಸೆಪ್ಟೆಂಬರಲ್ಲಿ ಕೊಯ್ಲು ಮುಗಿದ ಮೇಲೆ. ಕೂಳೆ ಉದ್ದ ಇದ್ರೆ ಕಾಯಿಲ್ ನೆಲಕ್ಕೆ ಹತ್ರ ಹೋಗಲ್ಲ, ಒಂದೊಂದು ಇಂಚೂ ಲೆಕ್ಕಕ್ಕೆ ಬರುತ್ತೆ ಯಾಕಂದ್ರೆ ಸಣ್ಣ ನಾಣ್ಯ ಆರೇಳು ಇಂಚಿಗಿಂತ ಕೆಳಗಿದ್ರೆ ಕೇಳಿಸೋದೇ ಕಷ್ಟ. ಉತ್ತು, ಬಿತ್ತನೆಗೆ ಮುಂಚೆ ರೋಲರ್ ಹೊಡೆದ ಹೊಲ ಇನ್ನೂ ಚೆನ್ನ. ಎಲ್ಲಿಂದ ಶುರು ಮಾಡ್ಬೇಕು ಅನ್ನೋದಕ್ಕೆ ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನವರು ಫ್ರೀಯಾಗಿ ಹಾಕಿರೋ ಹಳೇ ಆರ್ಡ್‌ನೆನ್ಸ್ ಸರ್ವೆ (ಇಲ್ಲಿನ ಸರ್ಕಾರಿ ಭೂಮಾಪನ) ಮ್ಯಾಪ್ ನೋಡ್ತೀನಿ, ಈಗಿಲ್ಲದ ಕಾಲುದಾರಿ, ಬಿದ್ದುಹೋದ ಕೊಟ್ಟಿಗೆ, ಮುಚ್ಚಿದ ಕೊಳ ಎಲ್ಲಾ ಅದ್ರಲ್ಲಿ ಇರುತ್ತೆ. ಜನ ನಡೆದಾಡಿದ ಕಡೆ ಜನರ ಜೇಬಿಂದ ಬಿದ್ದಿರುತ್ತೆ, ಅಷ್ಟೇ ಸೂತ್ರ.

ಅಂಥ ಒಂದು ದಾರಿ ಪಕ್ಕದಲ್ಲೇ ಸಿಕ್ಕಿದ್ದು ಹಿತ್ತಾಳೆ ಬಣ್ಣದ ಗೆಜ್ಜೆ, ಒಳಗೆ ಕಬ್ಬಿಣದ ಗುಂಡು ಇನ್ನೂ ಇತ್ತು, ಮಣ್ಣು ತೊಳೆದು ಅಲ್ಲಾಡಿಸಿದ್ರೆ ಸದ್ದು ಬಂತು! ಕೆಳಭಾಗದಲ್ಲಿ ಆರ್ ಡಬ್ಲ್ಯೂ ಅಂತ ಅಕ್ಷರ. ಅದು ಕೆಲವೇ ಮೈಲಿ ಆಚೆ ಆಲ್ಡ್‌ಬೋರ್ನ್ ಹಳ್ಳೀಲಿ 18ನೇ ಶತಮಾನದಲ್ಲಿ ಗಂಟೆ ಎರಕ ಹೊಯ್ತಿದ್ದ ರಾಬರ್ಟ್ ವೆಲ್ಸ್ ಕಾರ್ಖಾನೆ ಗುರುತು, ಕುದುರೆಗೋ ದನಕ್ಕೋ ಕಟ್ಟಿದ್ದು. ಮಾರಿದ್ರೆ ಹೆಚ್ಚೇನೂ ಬರಲ್ಲ, ನಾನು ಮಾರೋದೂ ಇಲ್ಲ.

ಈಗ ನಂಬರ್ ವಿಷ್ಯ. ಬೆಳ್ಳಿ ಅಂದ್ರೆ ದೊಡ್ಡ ನಂಬರ್ ಬರ್ಬೇಕು ತಾನೇ, ಆದ್ರೆ ಮಧ್ಯಯುಗದಲ್ಲಿ ಸುತ್ತಿಗೆಯಿಂದ ಹೊಡೆದು ಅಚ್ಚು ಹಾಕಿದ ನಾಣ್ಯ ಎಷ್ಟು ತೆಳು ಅಂದ್ರೆ ಸಿಗರೇಟ್ ಪ್ಯಾಕಿನ ಫಾಯಿಲ್ ನಂಬರ್ ಹತ್ರಾನೇ ಓದುತ್ತೆ, ಅದ್ರಲ್ಲೂ ತುಂಡಾಗಿದ್ರೆ ಇನ್ನೂ ಕೆಳಗೆ. ಫಾಯಿಲ್ ಅಂತ ಬೈಕೊಂಡೇ ಅಗೆದ ಒಂದು ಗುಂಡಿಲಿ ಕಾಲುಭಾಗದ ನಾಣ್ಯ ಬಂತು, ದೋಸೆ ಕತ್ತರಿಸಿದ ಹಾಗೆ ಎರಡು ಕಡೆ ನೇರ, ಒಂದು ಕಡೆ ದುಂಡಗೆ. ಮುರಿದಿದ್ದಲ್ಲ ಅದು, ಬೇಕಂತಲೇ ಕತ್ತರಿಸಿದ್ದು. ರಾಜ ಮೂರನೇ ಹೆನ್ರಿ ಕಾಲದಲ್ಲಿ, 1247ರಿಂದ, ಬೆಳ್ಳಿ ಪೆನ್ನಿ ನಾಣ್ಯದ ಹಿಂದೆ ಅಂಚಿನ ತನಕ ಹೋಗೋ ಶಿಲುಬೆ ಹಾಕಕ್ಕೆ ಶುರು ಮಾಡಿದ್ರು, ಅಂಚು ಕೆತ್ತಿ ಬೆಳ್ಳಿ ಕದಿಯೋರಿಗೆ ತಡೆಯಾಗ್ಲಿ ಅಂತ. ಚಿಲ್ಲರೆ ಬೇಕಾದ್ರೆ ಅದೇ ಗೆರೆ ಮೇಲೆ ಕತ್ತರಿಸಿ ಅರ್ಧ ಪೆನ್ನಿ, ಕಾಲು ಪೆನ್ನಿ ಮಾಡ್ಕೊಳ್ಳೋರು. 1279ರಲ್ಲಿ ಫಾರ್ದಿಂಗ್ ಅನ್ನೋ ದುಂಡಗಿನ ಕಾಲು ಪೆನ್ನಿ ನಾಣ್ಯಾನೇ ಬಂದ ಮೇಲೆ ಈ ಕತ್ತರಿಸೋ ಕೆಲಸ ಕಮ್ಮಿ ಆಯ್ತು. ಉಗುರಿಗಿಂತ ಸಣ್ಣ ಆ ಚೂರು ಯಾರದೋ ಕೈಯಿಂದ ಹೊಲದಲ್ಲಿ ಬಿದ್ದಾಗ ಎಷ್ಟು ಹುಡುಕಿದ್ರೋ ಪಾಪ. ಇಂಥದ್ದು ಸಿಕ್ರೆ ದಯವಿಟ್ಟು ಬೆರಳಲ್ಲಿ ಉಜ್ಜಬೇಡಿ, ಮಣ್ಣಿನ ಕಣಾನೇ ಬೆಳ್ಳಿ ಗೀರಿ ಹಾಕುತ್ತೆ, ನೀರಲ್ಲಿ ನೆನೆಸಿ ಬಿಟ್ರೆ ಸಾಕು.

ಒಂಟಿ ನಾಣ್ಯ ಕಾನೂನಿನ ಲೆಕ್ಕದಲ್ಲಿ ಸಾಮಾನ್ಯವಾಗಿ ಟ್ರೆಷರ್, ಅಂದ್ರೆ ತಿಳಿಸಲೇಬೇಕಾದ ನಿಧಿ, ಅಲ್ಲ. ಆದ್ರೂ ಜಿಪಿಎಸ್ ಪಾಯಿಂಟ್ ಸಮೇತ ಇಂಥ ವಸ್ತುಗಳನ್ನ ದಾಖಲು ಮಾಡೋ ನಮ್ಮ ಜಿಲ್ಲೆ ಫೈಂಡ್ಸ್ ಆಫೀಸರ್‌ಗೆ ಕೊಟ್ಟೆ, ಅವ್ರು ಬ್ರಿಟಿಷ್ ಮ್ಯೂಸಿಯಂ ನೋಡ್ಕೊಳ್ಳೋ ಡೇಟಾಬೇಸಿಗೆ ಹಾಕಿದ್ರು, ಅಲ್ಲಿ 15 ಲಕ್ಷಕ್ಕೂ ಹೆಚ್ಚು ವಸ್ತು ದಾಖಲಾಗಿದೆ. ಕಾನೂನಿನ ಪ್ರಕಾರ ಟ್ರೆಷರ್ ಅಂತ ನಂಗೆ ಸಿಕ್ಕಿದ್ದು ಬೇರೆ, 16ನೇ ಶತಮಾನದ ಬೆಳ್ಳಿ ಕೊಕ್ಕೆ, ಮೇಲೆ ಚಿನ್ನದ ಲೇಪ. ಆಗಿನ ಹೆಂಗಸರು ಉದ್ದ ಲಂಗ ಕೆಸರಿಗೆ ತಾಗಬಾರ್ದು ಅಂತ ಎತ್ತಿ ಸಿಕ್ಕಿಸ್ಕೊಳ್ಳಕ್ಕೆ ಇಂಥದ್ದು ಬಳಸೋರು. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ 300 ವರ್ಷ ಮೀರಿದ, ಶೇ. 10ರಷ್ಟಾದ್ರೂ ಬೆಳ್ಳಿ ಬಂಗಾರ ಇರೋ ವಸ್ತು ಸಿಕ್ರೆ 14 ದಿನದೊಳಗೆ ತಿಳಿಸ್ಬೇಕು, ಕರೋನರ್ ಅನ್ನೋ ಅಧಿಕಾರಿ ವಿಚಾರಣೆ ಮಾಡ್ತಾರೆ, ಮ್ಯೂಸಿಯಂಗೆ ಬೇಕಿದ್ರೆ ಬೆಲೆ ಕಟ್ಟಿ ಹುಡುಕಿದೋರಿಗೂ ಜಮೀನಿನೋರಿಗೂ ದುಡ್ಡು ಕೊಡ್ತಾರೆ. ನನ್ನದನ್ನ ಯಾವ ಮ್ಯೂಸಿಯಮ್ಮೂ ಕೇಳಲಿಲ್ಲ, ವರ್ಷದ ಮೇಲೆ ಪೋಸ್ಟಲ್ಲಿ ವಾಪಸ್ ಬಂತು. ರೈತನ ಹೆಂಡತಿ ನೋಡಿ ಇಷ್ಟಪಟ್ರು, ನನ್ನ ಪಾಲೂ ಅವರಿಗೇ ಬಿಟ್ಟೆ.

ಈ ವ್ಯವಸ್ಥೆ ಯಾಕೆ ನಡೀತಿದೆ ಅಂದ್ರೆ ಹೇಳಿದೋರಿಗೆ ಲಾಭ ಇದೆ. 1992ರಲ್ಲಿ ಸಫೋಕ್‌ನ ಹಾಕ್ಸನ್ ಹಳ್ಳೀಲಿ ಎರಿಕ್ ಲಾಸ್ ಅನ್ನೋರು ರೈತ ಗೆಳೆಯನ ಕಳೆದುಹೋದ ಸುತ್ತಿಗೆ ಹುಡುಕ್ತಾ ರೋಮನ್ ಕಾಲದ ಚಿನ್ನ ಬೆಳ್ಳಿ ರಾಶಿ ಕಂಡ್ರು, ಎಲ್ಲಾ ಬಾಚಿಕೊಳ್ಳದೆ ಫೋನ್ ಮಾಡಿ ಆರ್ಕಿಯಾಲಜಿಯೋರನ್ನ ಕರೆದ್ರು. ಸುಮಾರು 15,000 ನಾಣ್ಯ, 17.5 ಲಕ್ಷ ಪೌಂಡ್ ಬಹುಮಾನ, ಆ ಸುತ್ತಿಗೆ ಕೂಡ ಈಗ ಬ್ರಿಟಿಷ್ ಮ್ಯೂಸಿಯಂ ಹತ್ರಾನೇ ಇದೆ. 2015ರಲ್ಲಿ ಲೆಮ್‌ಸ್ಟರ್ ಹತ್ರ ವೈಕಿಂಗ್ ಕಾಲದ ನಿಧಿ ಸಿಕ್ಕಿದ ಇಬ್ರು ಮುಚ್ಚಿಟ್ಟು ಮಾರಕ್ಕೆ ಹೋಗಿ ಜೈಲು ಸೇರಿದ್ರು, ನಾಣ್ಯಗಳಲ್ಲಿ ಹೆಚ್ಚಿನವು ಇನ್ನೂ ಪತ್ತೆ ಇಲ್ಲ.

ಊರಿಂದ ಮೆಸೇಜ್ ಬರ್ತಾನೇ ಇರುತ್ತೆ, ಬರುವಾಗ ಮಷಿನ್ ತಗೊಂಡ್ ಬಾರೋ, ನಮ್ಮ ಗುಡ್ಡದ ಗುಡಿ ಹತ್ರ ಕೊಪ್ಪರಿಗೆ ಇದೆಯಂತೆ ಅಂತ. ತರಲ್ಲ. ನಮ್ಮ ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ಮಣ್ಣಲ್ಲಿ ನಿಧಿ ಸಿಕ್ರೆ ಸರ್ಕಾರಕ್ಕೆ ತಿಳಿಸ್ಬೇಕು. ನಂಗೆ ಕಾಯ್ದೆಗಿಂತ ಸಿಟ್ಟು ಬರೋದು ನಿಧಿಗಳ್ಳರ ಮೇಲೆ, 2019ರಲ್ಲಿ ಆನೆಗುಂದಿಯ ನವವೃಂದಾವನದಲ್ಲಿ ವ್ಯಾಸರಾಯರ ವೃಂದಾವನವನ್ನೇ ಒಡೆದು ಹಾಕಿದ್ರಲ್ಲ. ಹಾಬಿ ಅಂತ ನಾನು ಅಲ್ಲಿ ಮಷಿನ್ ಹಿಡಿದು ನಿಂತ್ರೂ ನೋಡೋರಿಗೆ ವ್ಯತ್ಯಾಸ ಕಾಣ್ಸಲ್ಲ.

ಇನ್ನು ಚಿನ್ನ. ರೈತನ ಸೊಸೆ ಚಳಿಗಾಲದಲ್ಲಿ ಕುದುರೆಗೆ ಹುಲ್ಲು ಹಾಕುವಾಗ ಮದುವೆ ಉಂಗುರ ಕಳ್ಕೊಂಡಿದ್ಲು. ಎಲ್ಲೆಲ್ಲಿ ಗ್ಲೌಸ್ ತೆಗೆದೆ ಅಂತ ಮೊದಲು ಕೇಳಿದೆ, ಚಳಿಗೆ ಬೆರಳು ಸಣ್ಣ ಆಗಿ ಉಂಗುರ ಜಾರೋದೇ ಆವಾಗ. ನೀರಿನ ತೊಟ್ಟಿ ಹತ್ರ ಅಂದ್ಲು. ಅದರ ಸುತ್ತ ಹಗ್ಗ ಕಟ್ಟಿ ಪಟ್ಟೆ ಮಾಡಿ, ಒಂದು ಬೀಸಿನ ಅರ್ಧ ಇನ್ನೊಂದರ ಮೇಲೆ ಬರೋ ಹಾಗೆ ನಿಧಾನಕ್ಕೆ ಹೋದೆ, ಆಮೇಲೆ ಅದೇ ಜಾಗ ಅಡ್ಡಕ್ಕೆ. ಚಿನ್ನದ ಉಂಗುರಾನೂ ಕ್ಯಾನಿನ ರಿಂಗೂ ಒಂದೇ ನಂಬರ್ ಸುತ್ತ ಬರೋದ್ರಿಂದ ಕಬ್ಬಿಣ ಬಿಟ್ಟು ಎಲ್ಲಾ ಅಗೆದೆ, ಬೆನ್ನು ಬಿದ್ದುಹೋಯ್ತು. ಕುದುರೆ ಗೊರಸಿನ ಗುರುತಿನೊಳಗೆ ಎರಡು ಇಂಚು ಕೆಳಗೆ ಇತ್ತು, ಸ್ವಲ್ಪ ಸೊಟ್ಟ ಆಗಿತ್ತು ಅಷ್ಟೇ. ಅವತ್ತಿಂದ ಆ ಮನೆಯವರ ಎಲ್ಲಾ ಹೊಲಕ್ಕೂ ನಂಗೆ ಪರ್ಮಿಷನ್.

ಹಾಗೆ ತೆರೆದುಕೊಂಡ ಹೊಲವೊಂದರಲ್ಲೇ 1835ರ ಈಸ್ಟ್ ಇಂಡಿಯಾ ಕಂಪನಿ ಕಾಲಾಣೆ ಸಿಕ್ತು, ತಾಮ್ರದ್ದು, ಕಂಪನಿ ಲಾಂಛನ ಅರ್ಧ ಸವೆದಿತ್ತು. ಬರ್ಕ್‌ಷೈರ್ ಹೊಲಕ್ಕೆ ಅದು ಹೆಂಗೆ ಬಂತೋ, ಇಂಡಿಯಾದಿಂದ ವಾಪಸ್ ಬಂದ ಸಿಪಾಯಿ ಜೇಬಿಂದ ಬಿತ್ತೋ, ಗೊಬ್ಬರದ ಜೊತೆ ಬಂತೋ. ರೈತನಿಗೆ ತೋರಿಸಿದೆ, ನಿಮ್ಮೋರ್ದೇ, ಇಟ್ಕೋ ಅಂದ.

ಮುಂದಿನ ಹೊಲ ಬಾರ್ಲಿ ಕೊಯ್ಲಾದ ಮೇಲೆ ಅಂದಿದಾನೆ, ಹಳೇ ಮ್ಯಾಪಲ್ಲಿ ಅಲ್ಲಿ ಎರಡು ದಾರಿ ಸೇರುತ್ತೆ. ಅದಕ್ಕೆ ಸಣ್ಣ ಕಾಯಿಲ್ ಇನ್ನೊಂದು ಬೇಕಿತ್ತು ಅಂದ್ರೆ ನನ್ನ ಹೆಂಡತಿ ಇಲ್ಲೀತನಕ ಸಿಕ್ಕಿದ್ದೆಲ್ಲಾ ಮಾರಿದ್ರೆ ಅದು ಬರುತ್ತಾ ಅಂತ ಕೇಳಿದ್ಲು, ಬರಲ್ಲ.