ಏಳನೇ ಬೆಡ್‌ನ ಸುದ್ದಿ ಯಾರು ಹೇಳಬೇಕು?

ಬೆಂಗಳೂರಿನ ಐಸಿಯುನಲ್ಲಿ ಕನ್ನಡ ಬರುವ ನರ್ಸ್‌ಗೆ ಒಂದು ಕೆಲಸ ಜಾಸ್ತಿ. ನಮ್ಮಲ್ಲಿ ಹಲವು ಡಾಕ್ಟರುಗಳು ಹೊರರಾಜ್ಯದವರು. ಜೊತೆಯ ಸಿಸ್ಟರ್‌ಗಳು ಕೇರಳ, ಮಣಿಪುರದವರು. ಪೇಶೆಂಟ್ ಕಡೆಯವರು ಮಾತ್ರ ಕೋಲಾರ, ಮಾಗಡಿ, ಮಳವಳ್ಳಿಯಿಂದ ಬಂದಿರುತ್ತಾರೆ. ಒಂದು ಶಿಫ್ಟ್‌ನಲ್ಲಿ ನಾಲ್ಕೈದು ಸಲ ನನ್ನನ್ನು ಕರೆಯುತ್ತಿದ್ದರು: "ಸಿಸ್ಟರ್, ಇವರಿಗೆ ಸ್ವಲ್ಪ ಹೇಳಿಬಿಡಿ."

ಆ ಸಂಜೆ ನನಗೆ ನಾಲ್ಕನೇ ಬೆಡ್. ಸೋಂಕು ಮೈಯೆಲ್ಲ ಹರಡಿ ಬಿಪಿ ಬಿದ್ದಿದ್ದ ಒಬ್ಬರು ಅಮ್ಮ, ವೆಂಟಿಲೇಟರ್ ಮೇಲಿದ್ದರು. ಸರಾಸರಿ ಬಿಪಿ 65ಕ್ಕಿಂತ ಕೆಳಗೆ ಹೋಗದಂತೆ ಸಿರಿಂಜ್ ಪಂಪ್‌ನಲ್ಲಿ ಬಿಪಿ ಏರಿಸುವ ನಾರ್‌ಅಡ್ರಿನಲಿನ್ ಹೋಗುತ್ತಿತ್ತು. ಈ ಔಷಧಿಯ ಪರಿಣಾಮ ಕೆಲವೇ ನಿಮಿಷ. ಸಿರಿಂಜ್ ಖಾಲಿಯಾದರೆ ಬಿಪಿ ಅಲ್ಲೇ ಕುಸಿಯುತ್ತದೆ.

ಆಗಲೇ ಏಳನೇ ಬೆಡ್‌ನವರ ಮಗನಿಗೆ ಹೇಳಿ ಎಂದು ಕರೆ ಬಂತು. ಡಾಕ್ಟರ್ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ಇನ್ನೊಂದು ಎಮರ್ಜೆನ್ಸಿಗೆ ಓಡಿದರು. ಆ ಹುಡುಗ ಅಳುತ್ತಿದ್ದ. "ಅಪ್ಪ ಉಳೀತಾರಾ ಅಕ್ಕಾ?" ಅಂದ. "ಧೈರ್ಯವಾಗಿರಪ್ಪ, ನೋಡೋಣ" ಅಂದೆ. ಅಷ್ಟರಲ್ಲಿ ಒಳಗೆ ಅಲಾರಂ. ನಾಲ್ಕನೇ ಬೆಡ್‌ನ ಅಮ್ಮನ ಸರಾಸರಿ ಬಿಪಿ 48. ಪಕ್ಕದ ಬೆಡ್‌ನ ಸಿಸ್ಟರ್ ಓಡಿ ಬಂದು ಸಿರಿಂಜ್ ಬದಲಿಸಿದ್ದರು. ಅಮ್ಮ ಚೇತರಿಸಿಕೊಂಡರು, ಆದರೆ ಆ ರಾತ್ರಿ ನನ್ನ ಕೈ ನಡುಗುವುದು ನಿಲ್ಲಲಿಲ್ಲ. ಮಾರನೇ ದಿನ ಆ ಹುಡುಗ ಡಾಕ್ಟರ್ ಹತ್ತಿರ, "ಸಿಸ್ಟರ್ ಹುಷಾರಾಗ್ತಾರೆ ಅಂದ್ರಲ್ಲ" ಎಂದಿದ್ದ.

1964ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಕಾನ್ ಮತ್ತು ಸಂಗಡಿಗರು ಇಂಥದ್ದರ ಬಗ್ಗೆ ಬರೆದಿದ್ದರು ಎಂದು ಕಾಲೇಜಿನಲ್ಲಿ ಓದಿದ್ದೆ. ನಮ್ಮಿಂದ ಏನು ಬಯಸುತ್ತಾರೆ ಎಂಬುದು ಸ್ಪಷ್ಟವಿಲ್ಲದಿರುವುದು ಒಂದು ಕಷ್ಟ. ಇಬ್ಬರು ಎರಡು ಬೇರೆ ಬೇರೆ ಕೆಲಸ ಬಯಸುವುದು ಇನ್ನೊಂದು. ನನಗೆ ಎರಡೂ ಒಟ್ಟಿಗೆ ಬಂದಿದ್ದವು.

ಎರಡು ವಾರ ಒಂದು ಸಣ್ಣ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ: ಯಾವಾಗ ಬೆಡ್ ಬಿಟ್ಟು ಹೋದೆ, ಯಾರು ಕರೆದರು, ಎಷ್ಟು ಹೊತ್ತು. ಸುಮ್ನೆ ಗೊಣಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬರೆದದ್ದನ್ನು ನೋಡಿದ ಮೇಲೆ ಇನ್‌ಚಾರ್ಜ್ ಸಿಸ್ಟರ್ ನನ್ನನ್ನು ಕರೆದುಕೊಂಡು ಐಸಿಯು ಡಾಕ್ಟರ್ ಹತ್ತಿರ ಕೂತರು.

ಈಗ ಡಾಕ್ಟರ್ ಪಕ್ಕದಲ್ಲಿ ನಿಂತಿದ್ದರೆ ಮಾತ್ರ ನಾನು ಕನ್ನಡದಲ್ಲಿ ಹೇಳುತ್ತೇನೆ. ಅವರು ಹೇಳಿದ್ದನ್ನಷ್ಟೇ ಹೇಳುತ್ತೇನೆ. ಮನೆಯವರು ಕೇಳಿದ್ದನ್ನು ಅವರಿಗೇ ದಾಟಿಸುತ್ತೇನೆ. ಏನು ಮಾತಾಯಿತು ಎಂದು ಡಾಕ್ಟರ್ ಕೇಸ್ ಶೀಟ್‌ನಲ್ಲಿ ಬರೆಯುತ್ತಾರೆ. ಹೊರಡುವ ಮೊದಲು ಪಕ್ಕದ ಸಿಸ್ಟರ್ ಹೆಸರು ಹಿಡಿದು ಬೆಡ್ ಒಪ್ಪಿಸುತ್ತೇನೆ, ಸಿರಿಂಜ್‌ನಲ್ಲಿ ಎಷ್ಟು ಎಂಎಲ್ ಉಳಿದಿದೆ ಎಂಬುದನ್ನೂ ಸೇರಿಸಿ. "ಸ್ವಲ್ಪ ನೋಡ್ಕೊಳ್ಳಿ" ಎಂದು ಗಾಳಿಗೆ ಹೇಳಿ ಹೋದರೆ ಯಾರೂ ನೋಡುವುದಿಲ್ಲ, ಅಲ್ವಾ?

ಆರ್ಡರ್‌ಗಳಿಗೂ ಇದೇ ದಾರಿ ಹಿಡಿದೆ. ಸರ್ಜನ್ ಫ್ಲೂಯಿಡ್ ಜಾಸ್ತಿ ಮಾಡಿ ಅಂತಾರೆ, ಐಸಿಯು ಡಾಕ್ಟರ್ ಕಡಿಮೆ ಮಾಡಿ ಅಂತಾರೆ. ಮೊದಲು ಇಬ್ಬರ ನಡುವೆ ನಾನೇ ಓಡಾಡುತ್ತಿದ್ದೆ. ಈಗ ಒಬ್ಬರಿಗೆ ಫೋನ್ ಹಚ್ಚಿ ಇನ್ನೊಬ್ಬರ ಕೈಗೆ ಕೊಡುತ್ತೇನೆ. ಮಾತು ಮುಗಿದ ಮೇಲೆ ಆರ್ಡರ್ ಬರೆಸಿಕೊಳ್ಳುತ್ತೇನೆ.

ಆದರೂ ಡ್ಯೂಟಿ ಮುಗಿಸಿ ಹೊರಡುವಾಗ ಲಿಫ್ಟ್ ಹತ್ತಿರ ಯಾರಾದರೂ ಕೈ ಹಿಡಿದು, "ನೀವಾದ್ರೂ ಹೇಳಿ ಸಿಸ್ಟರ್" ಅಂತಾರೆ. ನನ್ನ ಭಾಷೆ ಕೇಳಿ ನಂಬಿ ಬಂದವರು. ಕೈ ಬಿಡಿಸಿಕೊಳ್ಳುವುದಿಲ್ಲ. ಅಲ್ಲೇ ನಿಂತು ಡಾಕ್ಟರ್‌ಗೆ ಫೋನ್ ಮಾಡುತ್ತೇನೆ, ಅವರು ಬರುವ ತನಕ ಜೊತೆಗಿರುತ್ತೇನೆ.