ಅಂಬಾಸಡರ್ ಹೆಡ್ ನಟ್ಟು, ಒಂದು ಬಕೆಟ್ ನೀರು

"ಸಾರ್, ಮೂವತ್ತು ವರ್ಷದಿಂದ ಈ ಕೈಯೇ ನಮ್ಮ ಟಾರ್ಕ್ ರೆಂಚು" ಅಂತ ಮಿಸ್ತ್ರಿ ನಕ್ಕಿದ್ದರು. ಟಾರ್ಕ್ ರೆಂಚು ಅಂದರೆ ನಾವು ಇಟ್ಟಷ್ಟು ಬಿಗಿ ಬಂದಾಗ ಟಿಕ್ ಅನ್ನುವ ಪಾನ. ನನ್ನ ಅಂಬಾಸಡರ್ ಇಂಜಿನ್ನಿನ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಮೂರನೇ ಸಲ ಕೂರಿಸಿದ ಮೇಲೆ ಗಾಡಿ 6,000 ಕಿ.ಮೀ. ಓಡಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹಳೇ 1489 ಸಿಸಿ ಪೆಟ್ರೋಲ್ ಇಂಜಿನ್. ಮೊದಲ ಸಲ ಕೈ ಅಂದಾಜಿನಲ್ಲೇ ಬಿಗಿ ಮಾಡಿದ್ದು. 200 ಕಿ.ಮೀ. ಓಡಿಸುವಷ್ಟರಲ್ಲಿ 2 ಮತ್ತು 3ನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ನಡುವಿನ ತೆಳು ಹಾಳೆ) ಸುಟ್ಟಿತು. ಆ ಎರಡಕ್ಕೂ ಎಗ್ಸಾಸ್ಟ್ ಪೋರ್ಟ್ (ಹೊಗೆ ಹೊರಹೋಗುವ ದಾರಿ) ಒಂದೇ, ಕಾವೆಲ್ಲ ಅಲ್ಲೇ. ಫೇಸಿಂಗ್ (ಹೆಡ್ಡಿನ ತಳ ಸಪಾಟು ಮಾಡಿಸುವುದು), ಗ್ಯಾಸ್ಕೆಟ್, ಕೂಲಿ ಸೇರಿ ಐದು ಸಾವಿರದ ಹತ್ತಿರ ಕೈಬಿಟ್ಟಿತು.

ಆಮೇಲೆ ಜಂಬದಿಂದ ಎರಡು ಸಾವಿರ ಚಿಲ್ಲರೆ ಕೊಟ್ಟು ಟಾರ್ಕ್ ರೆಂಚ್ ತಂದೆ. 40 ಪೌಂಡ್-ಅಡಿಗೆ (ಅದು ಬಿಗಿಯ ಅಳತೆ) ಇಟ್ಟು ಹನ್ನೊಂದೂ ನಟ್ಟನ್ನು ಟಿಕ್ ಅನ್ನಿಸಿದೆ. ತಿಂಗಳೊಳಗೆ ರೇಡಿಯೇಟರ್‌ನಲ್ಲಿ ಗುಳ್ಳೆ, ಅಂದರೆ ಗ್ಯಾಸ್ಕೆಟ್ ಮತ್ತೆ ಸೋತಿತ್ತು! ಮನೆಯವಳು ಏನೂ ಅನ್ನಲಿಲ್ಲ, ಅದೇ ಜಾಸ್ತಿ ನೋವು.

ಅನುಮಾನ ರೆಂಚ್ ಮೇಲೆಯೇ ಬಂತು. ಅದರ ಚೌಕ ತುದಿಯನ್ನು ವೈಸ್‌ಗೆ ಕಚ್ಚಿಸಿ, ಹಿಡಿಯ ನಡುವಿಗೆ ಬಕೆಟ್ ನೇತುಹಾಕಿದೆ. ಅಲ್ಲಿಗೆ 40 ಸೆಂ.ಮೀ. ದೂರ. ಲೆಕ್ಕದ ಪ್ರಕಾರ 14 ಕೆಜಿ ಹತ್ತಿರ ಬಂದಾಗ ಟಿಕ್ ಅನ್ನಬೇಕು. ನೀರು ಸುರಿಯುತ್ತಾ ಹೋದೆ, 11 ಕೆಜಿ ದಾಟುವಷ್ಟರಲ್ಲೇ ಟಿಕ್ ಅಂದುಬಿಟ್ಟಿತು. ಅಂದರೆ ನಟ್ಟುಗಳು ಬೇಕಾದಷ್ಟು ಬಿಗಿಯೇ ಆಗಿರಲಿಲ್ಲ. ಹೊಸ ರೆಂಚು ಅಲ್ವಾ, ನಂಬಿದ್ದೆ. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಈಗ ಅದರ ಮೇಲೆ ಪೇಂಟಲ್ಲಿ ನನ್ನದೇ ಗುರುತು ಇದೆ.

ಇನ್ನೊಂದು ತಪ್ಪು ಸ್ಟಡ್‌ಗಳಲ್ಲಿತ್ತು, ಅಂದರೆ ಬ್ಲಾಕಿನಿಂದ ಮೇಲೆದ್ದು ನಟ್ಟು ಹಿಡಿಯುವ ಸಲಾಕೆಗಳಲ್ಲಿ. ಥ್ರೆಡ್ ತುಂಬಾ ಹಳೇ ಮಸಿ, ತುಕ್ಕು. ತಿರುವಿದ ಬಲವೆಲ್ಲ ಉಜ್ಜಾಟಕ್ಕೇ ಹೋಗುತ್ತಿತ್ತು, ಹೆಡ್ ಒತ್ತುವುದಕ್ಕೆ ಉಳಿಯುತ್ತಿರಲಿಲ್ಲ. ಸುಮ್ನೆ ಕುತೂಹಲಕ್ಕೆ ಒಂದೇ ನಟ್ಟನ್ನು ಮೊದಲು ಒಣಗಿದ್ದಂತೆ, ಆಮೇಲೆ ತೊಳೆದು ಎಣ್ಣೆ ಹಾಕಿ ಬಿಗಿ ಮಾಡಿ ಚಾಕ್‌ಪೀಸಲ್ಲಿ ಗೆರೆ ಎಳೆದೆ. ಅದೇ ಟಿಕ್‌ಗೆ ಎಣ್ಣೆ ಹಾಕಿದ್ದು ಆರನೇ ಒಂದು ಸುತ್ತು ಜಾಸ್ತಿ ತಿರುಗಿತ್ತು. ಹಾಗಂತ ಕಪ್ಪು ಮಾಲಿ (ಮಾಲಿಬ್ಡಿನಮ್) ಗ್ರೀಸ್ ಬಳಿಯಬೇಡಿ, ಅದರ ಜಾರಿಕೆಗೆ ಬಿಗಿ ಜಾಸ್ತಿಯಾಗಿ ಸ್ಟಡ್ಡೇ ಹಿಗ್ಗಿಬಿಡಬಹುದು. ಬ್ಲಾಕಿನಲ್ಲಿ ಎರಡು ಸ್ಟಡ್ ತೂತಿನ ಬಾಯಿ ಉಬ್ಬಿತ್ತು. ಅದನ್ನೂ ಕೊರೆದು ಮಟ್ಟ ಮಾಡಿದೆ.

ಮೂರನೇ ಸಲ 15, 28, 40 ಪೌಂಡ್-ಅಡಿ ಅಂತ ಮೂರು ಹಂತದಲ್ಲಿ ಬಿಗಿ, ನಡುವಿನ ನಟ್ಟಿನಿಂದ ಹೊರಗೆ. ಇಂಜಿನ್ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಒಂದೊಂದೇ ನಟ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಬಿಗಿ. 500 ಕಿ.ಮೀ.ಗೆ ಇನ್ನೊಮ್ಮೆ. ರಾಕರ್ (ವಾಲ್ವ್ ಒತ್ತುವ ತೋಳು) ಕೂತಿರುವುದೂ ಅದೇ ಸ್ಟಡ್‌ಗಳಲ್ಲಿ ಕೆಲವುಗಳ ಮೇಲೆ, ಹಾಗಾಗಿ ಎರಡು ಸಲವೂ ಟ್ಯಾಪೆಟ್ ಸಂದು (ರಾಕರ್‌ಗೂ ವಾಲ್ವ್‌ಗೂ ನಡುವಿನ ಬಿಡುವು) ಮತ್ತೆ ನೋಡಬೇಕು. ಗ್ಯಾಸ್ಕೆಟ್‌ಗೆ ಏನು ಹಚ್ಚಿದೆ ಅಂತ ಮಿಸ್ತ್ರಿಗೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ಪಕ್ಕದ ಟ್ಯಾಪೆಟ್ ಕವರ್‌ನಿಂದ ಎಣ್ಣೆ ಮಾತ್ರ ಇನ್ನೂ ಜಿನುಗುತ್ತಿದೆ. ಅಲ್ಲಿ ನಾನೇ ಬಿಗಿ ಜಾಸ್ತಿ ಮಾಡಿ ತಗಡು ಬಗ್ಗಿಸಿದ್ದೇನೆ. ಬರುವ ಭಾನುವಾರ ಅದನ್ನು ತಟ್ಟಿ ನೇರ ಮಾಡಿ ಹೊಸ ಕಾರ್ಕ್ ಹಾಕಬೇಕು.