ಜೇಡರ ಬಲೆಯ ಪೋಸ್ಟರನ್ನು ಉಳಿಸಿಕೊಂಡ ಬಗೆ

ಹಳೇ ಸಿನಿಮಾ ಪೋಸ್ಟರು ಸಿಕ್ಕಿದ ಕೂಡಲೇ ಬಹಳ ಜನ ಲ್ಯಾಮಿನೇಷನ್ ಅಂಗಡಿಗೆ ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಸಿಗೆ ಕರಗಿ ಹಿಡಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸುವುದು ಸಾಧ್ಯವಿಲ್ಲದ ಮಾತು. ಕಾಗದದೊಳಗಿನ ಆಮ್ಲ ಮಾತ್ರ ಅಲ್ಲೇ ಕೂತು ಅದನ್ನು ತಿನ್ನುತ್ತಲೇ ಇರುತ್ತದೆ.

ನನ್ನ ಕೈಗೆ ಬಂದದ್ದು 1968ರ ‘ಜೇಡರ ಬಲೆ’. ದೊರೈ–ಭಗವಾನ್ ಜೋಡಿಯ ಚಿತ್ರ, ರಾಜ್‌ಕುಮಾರ್ ಸಿಐಡಿ 999 ಆಗಿ ಮೊದಲ ಸಲ ಬಂದದ್ದು ಇದರಲ್ಲೇ. ಮೂಡಿಗೆರೆ ಕಡೆ ಟೂರಿಂಗ್ ಟಾಕೀಸು ನಡೆಸಿದ್ದವರ ಮನೆಯ ಅಟ್ಟದಲ್ಲಿ, ತೋಟದ ಲೆಕ್ಕದ ಪುಸ್ತಕಗಳ ಅಡಿ ಮಡಿಚಿಟ್ಟಿದ್ದರು. ಸಿನಿಮಾ ಕಪ್ಪು ಬಿಳುಪು. ಪೋಸ್ಟರಿಗೆ ಮಾತ್ರ ಕೆಂಪು, ಹಳದಿ, ಗಾಢ ನೀಲಿ. ಸಂತೆಗೆ ಬಂದವರು ಈ ಪತ್ತೇದಾರನನ್ನು ಬಣ್ಣದಲ್ಲಿ ಕಂಡಿದ್ದರೆ ಅದು ಗೋಡೆಯ ಮೇಲೆ ಮಾತ್ರ. ಹಾಗಾಗಿ ಇದನ್ನು ಬರೀ ಜಾಹೀರಾತು ಎನ್ನಲು ನನಗೆ ಮನಸ್ಸಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಗಾಳಿಯ ತೇವ ಶೇ. 65 ದಾಟಿದರೆ ಅಂಟಿನ ಮೇಲೆ ಬೂಷ್ಟು ಏಳುತ್ತದೆ. ಪೋಸ್ಟರನ್ನು ಹಾಸನದ ನಮ್ಮ ಮನೆಗೆ ತಂದು, ಸಂಕ್ರಾಂತಿ ಕಳೆಯುವವರೆಗೆ ಕಾದೆ.

ಮೊದಲು ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದದ್ದು. ಆಮೇಲೆ ಬಣ್ಣಗಳ ಪರೀಕ್ಷೆ, ಇದನ್ನು ಅವಸರದಲ್ಲಿ ಮುಗಿಸುವ ಹಾಗಿಲ್ಲ. ಒದ್ದೆ ಹತ್ತಿಯನ್ನು ಒಂದೊಂದು ಬಣ್ಣದ ಅಂಚಿಗೂ ಒತ್ತಿ ನೋಡಿದೆ. ಅಚ್ಚಿನ ಶಾಯಿ ಬಿಡಲಿಲ್ಲ, ಟಾಕೀಸಿನವರು ಹೊಡೆದಿದ್ದ ರಬ್ಬರ್ ಸ್ಟಾಂಪಿನ ನೇರಳೆ ಮಾತ್ರ ಹತ್ತಿಗೆ ಹತ್ತಿತು. ಆ ಮುದ್ರೆಯೂ ಪೋಸ್ಟರಿನ ಚರಿತ್ರೆಯೇ, ಅದನ್ನು ಕಳೆದುಕೊಳ್ಳುವುದು ಬೇಡವೆಂದು ಆ ಮೂಲೆಯನ್ನು ನೀರಿಗೆ ಇಳಿಸಲಿಲ್ಲ. ಆಮ್ಲ ಕಳೆಯಲು ಸುಣ್ಣದ ತಿಳಿ ಬೆರೆಸಿದ ನೀರು ಒಳ್ಳೆಯದೇ. ಆದರೆ ಪ್ರಷ್ಯನ್ ನೀಲಿ ಎಂಬ ಗಾಢ ಬಣ್ಣ ಸುಣ್ಣದಂಥ ಕ್ಷಾರಕ್ಕೆ ಸಿಕ್ಕಿದರೆ ಕಂದಾಗುತ್ತದೆ. ಈ ಪೋಸ್ಟರಿನ ರಾತ್ರಿಯ ಆಕಾಶವೆಲ್ಲ ಗಾಢ ನೀಲಿ. ಅದು ಯಾವ ನೀಲಿಯಾದರೂ ಇರಲಿ, ಪಣಕ್ಕಿಡುವುದು ಬೇಡವೆಂದು ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆದೆ.

ಪಾಲಿಯೆಸ್ಟರ್ ಹಾಳೆಯ ಮೇಲೆ ಮಲಗಿಸಿ ಟ್ರೇಗೆ ಇಳಿಸಿದಾಗ ನೀರು ನಿಧಾನವಾಗಿ ಚಹಾದ ಬಣ್ಣಕ್ಕೆ ತಿರುಗಿತು. ನೀರು ಬದಲಿಸುತ್ತಾ ಹೋದ ಹಾಗೆ ನಾಯಕನ ಮುಖ ತಿಳಿಯಾಯಿತು. ಕೆನ್ನೆಯ ನೆರಳಿಗೆ ಕಲಾವಿದ ಕಪ್ಪು ಮುಟ್ಟಿಯೇ ಇಲ್ಲ. ಹಸಿರು ಬೆರೆತ ನೀಲಿಯನ್ನು ಅಗಲ ಕುಂಚದಲ್ಲಿ ಒಂದೇ ಎಳೆತಕ್ಕೆ ಎಳೆದಿದ್ದಾನೆ. ಅದರ ಪಕ್ಕದಲ್ಲೇ, ದವಡೆಯ ಅಂಚಿಗೆ, ತೆಳ್ಳನೆಯ ಕಿತ್ತಳೆ ಗೆರೆ. ಪಿಸ್ತೂಲು ಹಿಡಿದ ಕೈಗಿಂತ ಆ ಎರಡು ಬಣ್ಣಗಳ ಜಗಳವೇ ಮುಖಕ್ಕೆ ಅಪಾಯದ ಕಳೆ ತಂದಿದೆ. ಎಂಥ ಕೈ ಅದು!

ಹಿಂಬದಿಗೆ ಆಸರೆಯಾಗಿ ಜಪಾನಿನ ಕೋಜೋ ಟಿಶ್ಯೂ, ಅಂದರೆ ಕೋಜೋ ಗಿಡದ ನಾರಿನ ತೆಳು ಕಾಗದ, ಅಂಟಿಸಿದೆ. ಅದರ ನಾರಿನೆಳೆಯ ದಿಕ್ಕೂ ಪೋಸ್ಟರಿನ ನಾರಿನೆಳೆಯ ದಿಕ್ಕೂ ಒಂದೇ ಇರಬೇಕು, ಇಲ್ಲದಿದ್ದರೆ ಒಣಗುವಾಗ ಹಾಳೆ ಸೊಟ್ಟಗಾಗುತ್ತದೆ. ಅಂಟು ಗೋಧಿಯ ಶುದ್ಧ ಪಿಷ್ಟದ್ದು. ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ, ಆರಿಸಿ, ಜರಡಿ ಹಿಡಿದು, ತೆಳ್ಳಗೆ ಮಾಡಿಕೊಂಡೆ. ಮುಂದೆ ಯಾರಿಗಾದರೂ ಬಿಡಿಸಬೇಕೆನಿಸಿದರೆ ನೀರು ತಾಕಿಸಿದರೆ ಸಾಕು. ನಮ್ಮಲ್ಲಿ ಪೋಸ್ಟರು ಅಂಟಿಸುವವರೂ ಬೈಂಡಿಂಗಿನವರೂ ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಹಾಕುವುದುಂಟು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತೋಟದ ಮನೆಗಳಲ್ಲಿ ಅದು ಸದಾ ಇದ್ದೇ ಇರುತ್ತದೆ, ಹಾಕುವ ಆಸೆಯಾಗುವುದು ಸಹಜ. ಬೇಡ. ಮೈಲುತುತ್ತದಲ್ಲಿರುವ ತಾಮ್ರ ಕಾಗದದ ನಾರನ್ನು ಬೇಗ ಕೆಡಿಸುತ್ತದೆ.

ಬ್ಲಾಟಿಂಗ್ ಕಾಗದಗಳ ನಡುವೆ ಇಟ್ಟು, ಮೇಲೆ ಹಲಗೆ ಹೇರಿ, ಒದ್ದೆಯಾದ ಬ್ಲಾಟಿಂಗನ್ನು ಬದಲಿಸುತ್ತಾ ಒಣಗಿಸಿದೆ.

ಉಳಿದದ್ದು ಗೆದ್ದಲು ತಿಂದ ಬಲಗಡೆಯ ಕೆಳಮೂಲೆ. ಕಲಾವಿದನ ಸಹಿ ಇದ್ದಿದ್ದರೆ ಬಹುಶಃ ಅಲ್ಲೇ. ಬೇರೆಲ್ಲೂ ಹೆಸರಿಲ್ಲ. ಮನೆಯವರಿಗೆ ಆ ಜಾಗದಲ್ಲಿ ಚಿತ್ರ ಮುಂದುವರಿಸಿ ಹೊಸದರ ಹಾಗೆ ಮಾಡಿಕೊಡಲಿ ಎಂಬ ಆಸೆಯಿತ್ತು. ನಾನು ಒಪ್ಪಲಿಲ್ಲ. ಅಷ್ಟೇ ದಪ್ಪದ ಕಾಗದ ಕೂರಿಸಿ, ಸುತ್ತಲಿನ ನೀಲಿಗಿಂತ ಒಂದು ಛಾಯೆ ತಿಳಿಯಾದ ಜಲವರ್ಣ ಬಳಿದು ಬಿಟ್ಟೆ. ಮೂಲ ಅಚ್ಚಿನ ಮೇಲೆ ನನ್ನ ಕುಂಚದ ಒಂದು ಹನಿಯೂ ಬಿದ್ದಿಲ್ಲ. ದೂರದಿಂದ ನೋಡಿದರೆ ಮೂಲೆ ಕಣ್ಣಿಗೆ ಚುಚ್ಚುವುದಿಲ್ಲ, ಹತ್ತಿರ ಬಂದವರಿಗೆ ಅಲ್ಲಿ ಏನೋ ಕಳೆದಿದೆ ಎಂದು ತಿಳಿಯುತ್ತದೆ. ನಾನಿಲ್ಲಿ ಏನಾದರೂ ಬರೆದಿದ್ದರೆ, ಆ ಹೆಸರಿಲ್ಲದವನ ಕೆಲಸದ ಮೇಲೆ ನನ್ನ ಸಹಿ ಹಾಕಿದಂತೆ ಆಗುತ್ತಿತ್ತು.

ಚೌಕಟ್ಟಿನಲ್ಲಿ ಗಾಜು ಪೋಸ್ಟರಿಗೆ ತಾಗದ ಹಾಗೆ ನಡುವೆ ಪಟ್ಟಿ ಕೊಡಿಸಿದ್ದೇನೆ. ಹಿಂಬದಿಗೆ ಹಾಕಿರುವುದು ಆಮ್ಲವಿಲ್ಲದ ರಟ್ಟು. ಮಳೆಗೆ ನೆನೆಯುವ ಹೊರಗೋಡೆಗೆ ತೂಗುಹಾಕಬೇಡಿ, ಕಿಟಕಿಯ ಎದುರು ಬೇಡವೇ ಬೇಡ ಎಂದು ಮನೆಯವರಿಗೆ ಹೇಳಿದೆ. ಈಗ ಅದು ಮೂಡಿಗೆರೆಯ ಅದೇ ಮನೆಯ ಒಳಗಿನ ಪಡಸಾಲೆಯಲ್ಲಿದೆ. ಆಷಾಢದ ಮಳೆ ಶುರುವಾಗುವ ಮೊದಲೇ ಕೆಳಗಿಳಿಸಿ ಒಳಕೋಣೆಯ ಬೀರುವಿಗೆ ಸೇರಿಸುತ್ತಾರೆ.